ಐಸಾಕನ ಮಲಮಗ

ಕ್ಲೆಮೆಂಟ್ ಬ್ರೆಷರ್ ಮದುವೆಯಾದದ್ದು ನಲವತ್ತಾರನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನ ಅಂಗಿಗೆ ಇಸ್ತ್ರಿ ಹಾಕಿದವಳು, ಭಾನುವಾರದ ಅಡುಗೆ ಮಾಡಿದವಳು, ಅವನು ಎರಡು ಸಲ ಕೆಮ್ಮಿದರೆ ಎದೆಗೆ ಮುಲಾಮು ಹುಡುಕಿದವಳು ಅವನ ಅಕ್ಕ ಮ್ಯೂರಿಯಲ್. ಕ್ಯಾಂಟರ್ಬರಿಯಲ್ಲಿ ಸ್ಟೌರ್ ಹೊಳೆಯ ಪಕ್ಕದ ಗಲ್ಲಿಯಲ್ಲಿ ಅಪ್ಪ ಬಿಟ್ಟುಹೋದ ಮನೆಯಲ್ಲಿ ಅವರಿಬ್ಬರೇ ಇದ್ದರು. ಒಂದು ಸಂಜೆ ತಟ್ಟೆ ಒರೆಸುತ್ತ ಕ್ಲೆಮೆಂಟ್ ಹೇಳಿದ.

“ಮ್ಯೂ, ಡಿಲಿಸ್‌ನ ಕೇಳೇಬಿಟ್ಟೆ. ಹೂಂ ಅಂದ್ಲು.”

“ಯಾವ ಡಿಲಿಸ್? ಏನು ಕೇಳ್ದೆ?”

ಡಿಲಿಸ್ ಊರ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ವೇಲ್ಸಿನ ವಿಧವೆ. ನಗುಮುಖದ, ದುಂಡಗಿನ ಹೆಂಗಸು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಮ್ಯೂರಿಯಲ್ ಅವಳಿಗೆ ಎಷ್ಟೋ ಸಲ ಸ್ಟಾಂಪು ಕೊಟ್ಟಿದ್ದಳು. ಒಂದು ಸಲವೂ ಅವಳ ಮುಖ ನೋಡಿರಲಿಲ್ಲ.

ಮದುವೆಯಾದ ಮೇಲೆ ಕ್ಲೆಮೆಂಟ್ ಊರಿನ ಆ ತುದಿಯಲ್ಲಿದ್ದ ಹೆಂಡತಿಯ ಮನೆಗೆ ಹೋದ. ಹೋಗುವಾಗ ಅಪ್ಪನ ಬೈಬಲ್ಲನ್ನೂ ತೆಗೆದುಕೊಂಡು ಹೋದ. ಅದರ ಮೊದಲ ಹಾಳೆಯಲ್ಲಿ ಬ್ರೆಷರ್ ಮನೆತನದವರ ಹೆಸರುಗಳಿದ್ದವು. ಎಲ್ಲಕ್ಕಿಂತ ಮೇಲೆ, ಇಲಿ ಕಡಿದ ಅಂಚಿನಲ್ಲಿ, ‘ಐಸಾಕ್, ಫ್ರಾನ್ಸಿನಿಂದ’ ಎಂದಿತ್ತು. ತಮ್ಮ ಹೋದ ನೋವನ್ನು ಮ್ಯೂರಿಯಲ್ ನುಂಗಿಕೊಂಡಳು. ಬೈಬಲ್ ಹೋದದ್ದು ಮಾತ್ರ ಗಂಟಲಲ್ಲೇ ನಿಂತಿತು.

ಅಪ್ಪ ಇದ್ದಾಗ ಅವಳನ್ನು ಕೂರಿಸಿಕೊಂಡು ಮೂಗು ಹಿಡಿದು, “ಇದು ಫ್ರೆಂಚ್ ಮೂಗು ಕಣೇ. ರಾಜನ ಕಾಟ ತಡೀಲಾರದೆ ಸಮುದ್ರ ದಾಟಿ ಬಂದದ್ದು” ಅನ್ನುತ್ತಿದ್ದ. ತಮ್ಮನಿಗೆ ತಾಯಿಯ ಮೊಂಡು ಮೂಗು ಬಂದಿತ್ತು. ಆದ್ದರಿಂದ ಆ ಐಸಾಕ್ ತನ್ನೊಬ್ಬಳಿಗೇ ಸೇರಿದವನೆಂದು ಮ್ಯೂರಿಯಲ್ ಚಿಕ್ಕಂದಿನಿಂದ ನಂಬಿದ್ದಳು. ಅವನನ್ನು ಹುಡುಕುವ ಗೋಜಿಗೆ ಅವಳು ಹೋಗಿರಲಿಲ್ಲ. ತಲೆಯ ಮೇಲಿನ ಸೂರನ್ನು ಯಾರಾದರೂ ಹುಡುಕಿಕೊಂಡು ಹೋಗುತ್ತಾರೆಯೇ?

ಹುಡುಕಿದವಳು ಡಿಲಿಸ್. ಮದುವೆಯಾದ ಮೊದಲ ಚಳಿಗಾಲದಲ್ಲೇ ಬೈಬಲ್ಲಿನ ಆ ಹಾಳೆ ಹಿಡಿದು ಕೂತವಳು ಒಂಬತ್ತು ವರ್ಷ ಬಿಡಲಿಲ್ಲ. ಐಸಾಕನ ಪೂರ್ತಿ ಹೆಸರು ಬ್ರೆಸ್ವೀರ್ ಎಂದು, ಇಂಗ್ಲಿಷರ ಬಾಯಲ್ಲಿ ಅದು ಸವೆದು ಬ್ರೆಷರ್ ಆಯಿತೆಂದು ಕಂಡುಹಿಡಿದಳು. ಅವನು ರೇಷ್ಮೆ ನೇಯುವವನು. ೧೬೮೬ರಲ್ಲಿ ಹೆಂಡತಿಯನ್ನೂ ಮಾರ್ಥ್ ಎಂಬ ಹೆಣ್ಣು ಕೈಗೂಸನ್ನೂ ಕಟ್ಟಿಕೊಂಡು ಬಂದವನು. ಆ ಹೆಂಡತಿ ಸತ್ತಮೇಲೆ ಸೂಸನ್ ಎಂಬ ಇಂಗ್ಲಿಷ್ ವಿಧವೆಯನ್ನು ಮದುವೆಯಾದ. ಅವನ ಮಗ್ಗ ಜಾನ್ ಬ್ರೆಷರ್‌ಗೆ ಹೋಯಿತು. ಮುಂದಿನ ಬ್ರೆಷರ್‌ಗಳೆಲ್ಲ ಆ ಜಾನನ ಸಂತತಿ; ಅವನು ಐಸಾಕ್ ಮತ್ತು ಸೂಸನ್‌ರ ಮಗನೆಂದು ಡಿಲಿಸ್ ಬರೆದುಕೊಂಡಳು. ಜಾನನ ನಾಮಕರಣದ ದಾಖಲೆ ಮಾತ್ರ ಸಿಕ್ಕಲಿಲ್ಲ. ಪುಟ ಹರಿದುಹೋಗಿರಬೇಕೆಂದು ಸುಮ್ಮನಾದಳು.

ಇದನ್ನೆಲ್ಲ ದೊಡ್ಡ ಹಾಳೆಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ವಂಶವೃಕ್ಷ ಮಾಡಿ ಗೋಡೆಗೆ ತೂಗುಹಾಕಿದ್ದಳು. ಭಾನುವಾರ ಊಟಕ್ಕೆ ಹೋದಾಗೆಲ್ಲ ಮ್ಯೂರಿಯಲ್‌ಗೆ ಅದರ ಎದುರಿನ ಕುರ್ಚಿಯೇ ಸಿಕ್ಕುತ್ತಿತ್ತು. ಬಂದ ಅತಿಥಿಗಳಿಗೆ ಡಿಲಿಸ್ ಹೇಳುವಳು: “ಇವರು ನಮ್ಮ ಮ್ಯೂರಿಯಲ್. ಸ್ವಲ್ಪ ಪಕ್ಕಕ್ಕೆ ತಿರುಗಿ ಮ್ಯೂರಿಯಲ್, ಮೂಗು ನೋಡ್ಲಿ. ಸಾಕ್ಷಾತ್ ಐಸಾಕ್!”

ಮ್ಯೂರಿಯಲ್ ತಿರುಗುವಳು. ಮೈಯೆಲ್ಲ ಉರಿಯುವುದು. ತನ್ನ ಮೂಗನ್ನೇ ತನಗೆ ಪರಿಚಯ ಮಾಡಿಕೊಡುವಷ್ಟು ಹತ್ತಿರದವಳಾದಳೇ ಇವಳು? ಬ್ರೆಷರ್ ರಕ್ತದ ಒಂದು ಹನಿಯೂ ಇಲ್ಲದವಳು! ಮೊದಲು ತಮ್ಮನನ್ನು ಒಯ್ದಳು, ಆಮೇಲೆ ಅಪ್ಪನ ಬೈಬಲ್ಲು. ಈಗ ಮುನ್ನೂರು ವರ್ಷದ ಹಿಂದಿನವರನ್ನೂ ಬಿಡಲೊಲ್ಲಳು.

೧೯೮೫ ಬಂತು. ಫ್ರಾನ್ಸಿನ ರಾಜ ತನ್ನ ಪ್ರೊಟೆಸ್ಟಂಟ್ ಪ್ರಜೆಗಳಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿ, ಅವರು ದಿಕ್ಕಾಪಾಲಾಗಿ ಓಡಿಬಂದು ಮುನ್ನೂರು ವರ್ಷ ತುಂಬಿತ್ತು. ಹ್ಯೂಗನೋ ಎಂದು ಕರೆಸಿಕೊಂಡಿದ್ದ ಅವರ ಹೆಸರು ಊರಲ್ಲೆಲ್ಲ ಓಡಾಡತೊಡಗಿತು. ಅಕ್ಟೋಬರಿನಲ್ಲಿ ಚರ್ಚಿನ ಹಾಲ್‌ನಲ್ಲಿ ಒಂದು ಸಭೆ, ಅದರಲ್ಲಿ ‘ನಮ್ಮ ಐಸಾಕ್’ ಎಂಬ ವಿಷಯವಾಗಿ ಶ್ರೀಮತಿ ಡಿಲಿಸ್ ಬ್ರೆಷರ್ ಅವರ ಮಾತು ಎಂದು ಬೇಕರಿಯ ಬಾಗಿಲಿಗೂ ಚೀಟಿ ಅಂಟಿಸಿದ್ದರು. ಬ್ರೆಡ್ ತರಲು ಹೋದ ಮ್ಯೂರಿಯಲ್ ಅದನ್ನು ಎರಡು ಸಲ ಓದಿದಳು. ‘ನಮ್ಮ’ ಅನ್ನುವ ಪದವೇ ಕಣ್ಣಿಗೆ ಮುಳ್ಳಾಯಿತು.

ಮಾರನೇ ದಿನದಿಂದ ಅವಳು ಊರಿನ ಹಳೆಯ ದಾಖಲೆಗಳ ಕೋಣೆಗೆ ಹೋಗತೊಡಗಿದಳು. ಕೆಲಸದಿಂದ ಆಗಲೇ ನಿವೃತ್ತಿಯಾಗಿತ್ತು, ಹಗಲು ಬೇಕಾದಷ್ಟಿತ್ತು. ಸ್ಕೂಲಲ್ಲಿ ಕಲಿತ ಫ್ರೆಂಚ್ ತುಕ್ಕು ಹಿಡಿದಿತ್ತು. ಒಂದು ಪುಟ್ಟ ನಿಘಂಟನ್ನು ಕೈಚೀಲದಲ್ಲಿಟ್ಟುಕೊಂಡಳು. ಡಿಲಿಸ್ ಬರುವುದು ಗುರುವಾರಗಳಂದು ಎಂದು ಗುಮಾಸ್ತನಿಂದ ತಿಳಿದುಕೊಂಡು ಗುರುವಾರ ತಪ್ಪಿಸಿದಳು. ನಾಮಕರಣ, ಮದುವೆಗಳ ಪುಸ್ತಕಗಳಲ್ಲಿ ಡಿಲಿಸ್ ನೋಡದೆ ಬಿಟ್ಟ ಪುಟವಿರಲಾರದು. ಮ್ಯೂರಿಯಲ್ ಬೇರೆಯೇ ಪುಸ್ತಕ ಕೇಳಿದಳು. ಹಿಂದಿನ ಫ್ರೆಂಚ್ ಚರ್ಚಿನ ಹಿರಿಯರು ತಪ್ಪು ಮಾಡಿದವರನ್ನು ಕರೆಸಿ ಬೈದದ್ದನ್ನು ಬರೆದಿಡುತ್ತಿದ್ದ ಪುಸ್ತಕ ಅದು. ಯಾರು ಕುಡಿದರು, ಯಾರು ಹೆಂಡತಿಗೆ ಹೊಡೆದರು, ಯಾರು ಪ್ರಾರ್ಥನೆಯಲ್ಲಿ ನಿದ್ದೆ ಹೊಡೆದರು. ಡಿಲಿಸ್‌ಳ ಐಸಾಕ್ ಕುಡುಕನಾಗಿದ್ದರೆ ಎಷ್ಟು ಚೆನ್ನ ಎಂದುಕೊಂಡು ಓದತೊಡಗಿದಳು.

ಏಳನೇ ದಿನ, ೧೭೧೨ರ ಮಾರ್ಚ್ ತಿಂಗಳ ಪುಟದಲ್ಲಿ, ಸಿಕ್ಕಿತು. ಭಾನುವಾರ ಮಗ್ಗ ನಡೆಸಿದ್ದಕ್ಕಾಗಿ ಹಿರಿಯರಿಂದ ಬೈಸಿಕೊಂಡವನೊಬ್ಬನ ಹೆಸರು: ಜಾನ್ ಕಾಟರ್, ಬ್ರೆಸ್ವೀರ್ ಎಂದು ಕರೆಯಿಸಿಕೊಳ್ಳುವವನು, ಐಸಾಕನ ‘ಬೋಫಿಸ್’.

ಜಾನ್ ಬ್ರೆಷರ್ ಹುಟ್ಟಿನಿಂದ ಬ್ರೆಷರ್ ಅಲ್ಲವೇ ಅಲ್ಲ! ಮ್ಯೂರಿಯಲ್ ನಿಘಂಟು ತೆಗೆದಳು. ಬೋಫಿಸ್‌ಗೆ ಎರಡು ಅರ್ಥ ಕೊಟ್ಟಿದ್ದರು. ಒಂದು, ಮಲಮಗ. ಇನ್ನೊಂದು, ಅಳಿಯ.

ಎರಡನ್ನೂ ಅವಳು ಓದಿದಳು. ಅಳಿಯನಾದರೆ ಹುಡುಗಿ ಮಾರ್ಥ್ ಇದ್ದಾಳೆ; ವಂಶ ಅವಳ ಹೊಟ್ಟೆಯಿಂದ ಇಳಿದುಬಂತು; ಡಿಲಿಸ್‌ಳ ವೃಕ್ಷದಲ್ಲಿ ಒಂದು ಗೆರೆ ಅಳಿಸಿ ಇನ್ನೊಂದು ಎಳೆದರೆ ಮುಗಿಯಿತು. ಮಲಮಗನಾದರೆ ಅವನು ಸೂಸನ್‌ಗೆ ಮೊದಲ ಗಂಡನಿಂದ ಹುಟ್ಟಿದ ಇಂಗ್ಲಿಷ್ ಕೂಸು. ಒಂಬತ್ತು ವರ್ಷದ ವೃಕ್ಷ ಬುಡಸಮೇತ ಉರುಳಿತು. ಉರುಳಿದರೆ ತನ್ನ ಮೂಗೂ ಫ್ರೆಂಚ್ ಅಲ್ಲ, ಅಪ್ಪ ಹೇಳಿದ್ದೂ ಸುಳ್ಳು. ಅದೂ ಅವಳಿಗೆ ಹೊಳೆಯಿತು. ಆ ಗೋಡೆ ಬರಿದಾಗುವುದಾದರೆ ತನ್ನ ಮೂಗು ಹೋದರೂ ಚಿಂತೆಯಿಲ್ಲ ಅನ್ನಿಸಿತು. ಮಲಮಗ ಎಂದು ಬರೆದುಕೊಂಡು ನಿಘಂಟು ಮುಚ್ಚಿದಳು.

ಸಭೆಯ ಶನಿವಾರ ಹಾಲ್ ತುಂಬಿತ್ತು. ಹಿಂದಿನ ಮೇಜಿನ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್, ಸೋಂಪಿನ ಕೇಕ್. ಡಿಲಿಸ್ ಮನೆಯ ಗೋಡೆಯಿಂದ ವೃಕ್ಷ ತಂದು ವೇದಿಕೆಗೆ ತೂಗುಹಾಕಿದ್ದಳು. ಅವಳು ಚೆನ್ನಾಗಿ ಮಾತಾಡಿದಳು. ಐಸಾಕ್ ಅರಳೆಯ ಮೂಟೆಗಳ ನಡುವೆ ಅಡಗಿ ಬಂದಿರಬಹುದು, ಕೂಸು ಅಳದಿರಲೆಂದು ತಾಯಿ ಅದರ ಬಾಯಿಗೆ ಬೆರಳು ಕೊಟ್ಟಿರಬಹುದು ಎಂದಾಗ ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಆ ಕಣ್ಣೀರು ಕಂಡು ಮ್ಯೂರಿಯಲ್ ತಾನು ಬರೆದುಕೊಂಡಿದ್ದ ಚೀಟಿಯನ್ನು ಕೈಚೀಲದಿಂದ ತೆಗೆದಳು.

“ಯಾರಾದ್ರೂ ಏನಾದ್ರೂ ಕೇಳೋದಿದ್ರೆ…” ಎಂದರು ಅಧ್ಯಕ್ಷ ಟ್ಯಾಪ್ಲಿ.

ಮ್ಯೂರಿಯಲ್ ಎದ್ದಳು. “ಕೇಳೋದಲ್ಲ, ಹೇಳೋದಿದೆ. ಜಾನ್ ಬ್ರೆಷರ್ ಐಸಾಕನ ಮಗನಲ್ಲ, ಮಲಮಗ. ಅವನ ನಿಜವಾದ ಹೆಸರು ಕಾಟರ್. ಹಿರಿಯರ ಪುಸ್ತಕದಲ್ಲಿದೆ, ನಾನೇ ಕಣ್ಣಾರೆ ನೋಡಿದೀನಿ. ಆ ಹಾಳೇಲಿ ಜಾನನಿಂದ ಕೆಳಗೆ ಬರ್ದಿರೋದು ಒಂದೂ ನಿಜ ಅಲ್ಲ.”

ಚಹಾದ ಕಪ್ಪೊಂದು ಸದ್ದಾಯಿತು. ಕ್ಲೆಮೆಂಟ್ ಅರ್ಧ ಎದ್ದು, “ಮ್ಯೂ, ಇದನ್ನ ಇಲ್ಲೇ ಹೇಳ್ಬೇಕಾಗಿತ್ತಾ? ಮೊನ್ನೆ ಭಾನುವಾರ ನಮ್ಮನೇಲಿ ಉಂಡೆಯಲ್ಲ, ಆಗ ಬಾಯಿ ಇರ್ಲಿಲ್ವಾ?” ಅಂದ. ತಮ್ಮ ಆ ದನಿಯಲ್ಲಿ ಅವಳೊಡನೆ ಜೀವಮಾನದಲ್ಲಿ ಮಾತಾಡಿರಲಿಲ್ಲ.

ಡಿಲಿಸ್ ಮುಖದ ಬಣ್ಣ ಹೋಗಿತ್ತು. ಕುರ್ಚಿ ಹುಡುಕಿ ಕೂತಳು. ಇದನ್ನೇ ನೋಡಲು ಮ್ಯೂರಿಯಲ್ ಏಳು ದಿನ ಕಣ್ಣು ಸವೆಸಿದ್ದು, ನೋಡಿದಳು ಕೂಡ. ಬಂದ ಸಂತೋಷ ಎಣಿಸಿದ್ದಕ್ಕಿಂತ ಸಣ್ಣದಾಗಿತ್ತು.

ಸ್ವಲ್ಪ ಹೊತ್ತಿಗೆ ಡಿಲಿಸ್ ಕೈಚಾಚಿದಳು. “ಬರ್ಕೊಂಡು ಬಂದಿದೀರಾ? ಕೊಡಿ ನೋಡೋಣ.” ಕನ್ನಡಕ ಹಾಕಿಕೊಂಡು ಆ ಚೀಟಿಯನ್ನು ನಿಧಾನವಾಗಿ ಓದಿದಳು. ಬಾಯಲ್ಲೇ “ಕಾಟರ್, ಕಾಟರ್” ಅಂದುಕೊಂಡಳು. ಆಮೇಲೆ ಮೆಲ್ಲಗೆ, ಪಕ್ಕದಲ್ಲಿದ್ದವರಿಗೂ ಕೇಳಿಸದಂತೆ ಕೇಳಿದಳು: “ಮ್ಯೂರಿಯಲ್, ಬೋಫಿಸ್ ಅಂದ್ರೆ ಅಳಿಯ ಅಂತಾನೂ ಆಗುತ್ತಲ್ವಾ? ನಿಘಂಟು ನೋಡಿದ್ರಾ?”

“ನೋಡ್ದೆ.”

“ಎರಡೂ ಇತ್ತಾ?”

ಮ್ಯೂರಿಯಲ್ ಕೈಚೀಲದ ಕೊಂಡಿ ಹಾಕಿದಳು. ಡಿಲಿಸ್ ಅವಳನ್ನೇ ದಿಟ್ಟಿಸಿದಳು. ಆ ನಗುಮುಖದಲ್ಲಿ ನಗೆಯಿಲ್ಲದ್ದನ್ನು ಮ್ಯೂರಿಯಲ್ ಅಂದೇ ಮೊದಲು ಕಂಡದ್ದು. ಎಲ್ಲ ಅರ್ಥವಾಯಿತೆಂದು ಆ ಕಣ್ಣು ಹೇಳುತ್ತಿತ್ತು. ಡಿಲಿಸ್ ಎದ್ದು ಸಭೆಯತ್ತ ತಿರುಗಿದಳು.

“ನನ್ನ ಅತ್ತಿಗೆ ಹೇಳಿದ್ದು ಸರಿ. ಜಾನ್ ಹುಟ್ಟಿನಿಂದ ಬ್ರೆಷರ್ ಅಲ್ಲ. ನನ್ನ ಹಾಳೆ ತಪ್ಪು. ಮಿಕ್ಕಿದ್ದು ನೋಡ್ಬೇಕು.” ಅಷ್ಟೇ ಅಂದು ವೃಕ್ಷವನ್ನು ತಾನೇ ಇಳಿಸಿ ಸುತ್ತಿದಳು.

ನಾಲ್ಕು ದಿನ ಮ್ಯೂರಿಯಲ್ ಮನೆಯಿಂದ ಹೊರಗೆ ಬರಲಿಲ್ಲ. ಕನ್ನಡಿ ಎದುರು ನಿಂತರೆ ಯಾರದ್ದೋ ಮೂಗು ಕಾಣುತ್ತಿತ್ತು. ಅಪ್ಪನಿಗೆ ಏನು ಹೇಳಲಿ ಎಂದು ತಲೆಯಲ್ಲಿ ಬರುವುದು, ಸತ್ತು ಇಪ್ಪತ್ತು ವರ್ಷವಾದ ಅಪ್ಪನಿಗೆ. ಗುರುವಾರ ಮಧ್ಯಾಹ್ನ ಫೋನು ಬಡಿದುಕೊಂಡಿತು.

“ಮ್ಯೂರಿಯಲ್, ಸಿಕ್ಕಿದ್ಲು!” ಡಿಲಿಸ್ ಏದುಸಿರು ಬಿಡುತ್ತಿದ್ದಳು. “ಮಾರ್ಥ್! ೧೭೧೩ರಲ್ಲಿ ನಾಮಕರಣ. ಮಗು ಐಸಾಕ್, ತಂದೆ ಜಾನ್ ಕಾಟರ್, ತಾಯಿ ಮಾರ್ಥ್ ಬ್ರೆಸ್ವೀರ್. ನಾನು ಒಂಬತ್ತು ವರ್ಷ ಬ್ರೆಸ್ವೀರ್ ಅನ್ನೋ ಹೆಸರಲ್ಲೇ ಹುಡುಕ್ತಿದ್ದೆ, ಅವರು ಮಗುನ ಕಾಟರ್ ಅಂತ ಬರೆದಿದ್ರು. ನೀವು ಆ ಹೆಸರು ಕೊಡದೇ ಇದ್ದಿದ್ರೆ ಸಾಯೋವರೆಗೂ ಸಿಕ್ತಿರ್ಲಿಲ್ಲ. ಅಳಿಯ ಕಣ್ರೀ, ಅಳಿಯ! ಆಮೇಲೆ ಮನೆಯ ಹೆಸರೇ ಅವನಿಗೂ ಅಂಟಿಕೊಂಡಿದೆ. ನೀವು ಐಸಾಕನ ಮಗಳ ಕಡೆಯೋರು.”

ಮ್ಯೂರಿಯಲ್ ಗೋಡೆಗೆ ಒರಗಿದಳು. ಮೊದಲು ಎದೆ ಹಗುರಾಯಿತು, ಕಣ್ಣಲ್ಲಿ ನೀರೂ ಬಂತು. ಅದರ ಹಿಂದೆಯೇ ಹಳೆಯ ಉರಿ ಎದ್ದಿತು: ಕಡೆಗೂ ನನ್ನ ರಕ್ತವನ್ನು ನನಗೆ ಕೊಟ್ಟವಳು ಇವಳೇ. ನಾನು ಬೇಕೆಂದೇ ಎಸೆದದ್ದನ್ನು ಹೆಕ್ಕಿ, ಒರೆಸಿ, ತಂದು ಕೈಗಿಡುತ್ತಿದ್ದಾಳೆ.

“ಕೇಳಿಸ್ತಾ ಇದ್ಯಾ, ಮ್ಯೂರಿಯಲ್?”

“ಕೇಳಿಸ್ತಿದೆ. ನಿಘಂಟಲ್ಲಿ ಎರಡೂ ಅರ್ಥ ಇತ್ತು, ಡಿಲಿಸ್. ನಾನು ಓದಿದ್ದೆ.”

“ಗೊತ್ತು.” ಆ ಕಡೆಯ ದನಿ ತಣ್ಣಗಾಯಿತು. “ನಂಗೆ ನೋವಾಯ್ತು. ಇನ್ನೂ ಹೋಗಿಲ್ಲ. ಆದ್ರೆ ಮಾರ್ಥ್ ಸಿಕ್ಕಿದ್ನ ಬೇರೆ ಯಾರಿಗೆ ಹೇಳ್ಲಿ? ಕ್ಲೆಮ್‌ಗೆ ಹೇಳಿದ್ರೆ ‘ಒಳ್ಳೇದಾಯ್ತು, ಚಹಾ ಇದ್ಯಾ’ ಅಂದ.”

ಮ್ಯೂರಿಯಲ್‌ಗೆ ನಗು ಬಂದುಬಿಟ್ಟಿತು. ಚಹಾ ಇದ್ಯಾ ಎಂದು ಅವನು ಕೇಳುವ ದನಿಯನ್ನು ತನ್ನಷ್ಟೇ ಬಲ್ಲವರು ಇನ್ನೊಬ್ಬರಿದ್ದಾರೆಂಬುದು ಅವಳಿಗೆ ಹೊಸದಾಗಿತ್ತು. ಇಷ್ಟವಾಯಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಭಾನುವಾರ ಹೋದಳು. ಊಟವಾದ ಮೇಲೆ ಡಿಲಿಸ್ ಮೇಜಿನ ಮೇಲೆ ಹೊಸ ಹಾಳೆ ಹರಡಿದಳು. ಐಸಾಕನ ಹೆಸರು ಆಗಲೇ ಬರೆದಾಗಿತ್ತು. ಕೆಳಗಿನ ಗೆರೆಗೆ ಪೆನ್ನಿಟ್ಟಾಗ ಮ್ಯೂರಿಯಲ್ ಅಂದಳು, “ಅದನ್ನ ನಾನು ಬರೀತೀನಿ.”

ಡಿಲಿಸ್‌ಳ ಕೈ ನಿಂತಿತು. ಅವಳಿಗದು ಸುಲಭವಾಗಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ತನ್ನ ಹಾಳೆಯ ಮೇಲೆ ಇನ್ನೊಬ್ಬರ ಅಕ್ಷರ! ತನಗೆ ಅಷ್ಟು ಪರಿಚಿತವಾದ ಭಾವನೆಯನ್ನು ಅವಳ ಮುಖದ ಮೇಲೆ ಕಂಡು ಮ್ಯೂರಿಯಲ್‌ಗೆ ಒಳಗೊಳಗೇ ತಂಪಾಯಿತು. ಕೊನೆಗೆ ಡಿಲಿಸ್ ಪೆನ್ನು ಕೊಟ್ಟು, ಹಾಳೆ ಜಾರದಂತೆ ಎರಡು ಕೈಯಿಂದ ಅದುಮಿ ಹಿಡಿದಳು.

ಮ್ಯೂರಿಯಲ್ ಬರೆದಳು: ಮಾರ್ಥ್, ಐಸಾಕನ ಮಗಳು. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಮೇಲಿನ ಮುತ್ತಿನಂಥ ಸಾಲಿನ ಪಕ್ಕ ಅದು ಎದ್ದು ಕಾಣುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿ, ಮಸಿ ಒಣಗಲೆಂದು ಊದಿದಳು.