ಅತ್ತೆಯ ಕೈಗೆ ಸಿಕ್ಕ ಕೋಲು

ಹಲ್ಲಿನ ಡಾಕ್ಟರರಿಗೆ ಇದ್ದದ್ದು ಒಂದೇ ಚಟ. ಕುಡಿತವಲ್ಲ, ಇಸ್ಪೀಟಲ್ಲ, ಹಳೆಯ ಕೋವಿ. ಅದೂ ಎಲ್ಲರ ಮನೆಯಲ್ಲಿರುವಂಥ ಕೋವಿಯಾದರೆ ಬೇಡ, ವಿಚಿತ್ರವಾಗಿರಬೇಕು. ಕ್ಲಿನಿಕ್ಕಿನ ಹಿಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ಬಾತುಕೋಳಿಯ ಪಾದದ ಹಾಗೆ ನಾಲ್ಕು ನಳಿಗೆ ಅಗಲಿಸಿಕೊಂಡ ಪಿಸ್ತೂಲಿತ್ತು, ಅಂಗೈಯಲ್ಲಿ ಮುಚ್ಚಿಡಬಹುದಾದ ರಿವಾಲ್ವರಿತ್ತು, ಚಾಕುವಾಗಲೋ ಕೋವಿಯಾಗಲೋ ಎಂದು ತೀರ್ಮಾನವಾಗದೆ ಎರಡೂ ಆಗಿಹೋದ ಇನ್ನೊಂದಿತ್ತು. ರೋಗಿಯ ದವಡೆಗೆ ಮರಗಟ್ಟುವ ಸೂಜಿ ಕೊಟ್ಟು, ಅದು ಹಿಡಿಯುವ ತನಕ ಡಾಕ್ಟರರು ಹೋಗಿ ಇವನ್ನೆಲ್ಲ ಕಣ್ತುಂಬ ನೋಡಿ ಬರುತ್ತಿದ್ದರು. ಕೆಲವು ಸಲ ಮರಗಟ್ಟಿದ್ದು ಬಿಟ್ಟುಹೋದ ಮೇಲೆ ಬರುತ್ತಿದ್ದರು.

ಅವರ ಹೆಂಡತಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಬೀದಿಗೆಲ್ಲ ಹೆಡ್‌ಮಿಸ್ಸು, ಮನೆಯಲ್ಲೂ ಹೆಡ್‌ಮಿಸ್ಸೇ. ಬಾತುಕೋಳಿ ಪಿಸ್ತೂಲು ಬಂದ ದಿನವೇ ಅವರು ಬೀರುವಿನ ಮುಂದೆ ನಿಂತು ತೀರ್ಪು ಕೊಟ್ಟಿದ್ದರು.

"ಇದೇ ಕೊನೆ. ಇನ್ನೊಂದು ಕೋವಿ ಈ ಹೊಸ್ತಿಲು ದಾಟ್ತೋ, ಒಂದೂ ಬಿಡದೆ ಎಲ್ಲಾನೂ ಹಳೇ ಕಬ್ಬಿಣದವನ ಗಾಡಿಗೆ ಹಾಕ್ತೀನಿ. ಹೂಂ ಅನ್ನಿ."

ಡಾಕ್ಟರರು ಹೂಂ ಅಂದರು.

ಹೂಂ ಅಂದವರು ತೆಪ್ಪಗಿರಬೇಕೋ ಬೇಡವೋ? ತೀರಿಕೊಂಡ ದನದ ಡಾಕ್ಟರೊಬ್ಬರ ಮನೆಯ ಸಾಮಾನು ಹರಾಜಿಗಿದೆ ಎಂದು ಕಿವಿಗೆ ಬಿದ್ದದ್ದೇ ತಡ, ಓಡಿದರು. ಅಲ್ಲಿ ಮೂಲೆಯಲ್ಲೊಂದು ಕರಿಯ ಊರುಗೋಲು. ಕೊಂಬಿನ ಹಿಡಿ, ತುದಿಗೆ ಹಿತ್ತಾಳೆಯ ಟೊಪ್ಪಿ. ಯಾರು ನೋಡಿದರೂ ಬರೀ ಕೋಲು. ಹಿಡಿಯನ್ನು ತಿರುಗಿಸಿ ಎಳೆದರೆ ಮಾತ್ರ ಅಡಿಯಿಂದ ಪುಟ್ಟ ಟ್ರಿಗರ್ ಹೊರಗೆ ಬರುತ್ತಿತ್ತು. ಕೋಲಿನ ವೇಷದ ಕೋವಿ! ಹೊಸ್ತಿಲು ದಾಟುವುದು ಕೋಲು ತಾನೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮನೆಗೆ ತಂದರು.

ಕೋವಿ ಸಂಗ್ರಹಿಸುವವರಿಗೆ ಒಂದು ನೇಮವಿದೆ. ಹಳೆಯ ಕೋವಿ ಕೈಗೆ ಬಂದ ಕೂಡಲೇ ನಳಿಗೆಯೊಳಗೆ ಕಡ್ಡಿ ಇಳಿಬಿಡಬೇಕು. ಕಡ್ಡಿ ತಳ ಮುಟ್ಟಿದರೆ ಖಾಲಿ. ನಡುವೆ ನಿಂತರೆ, ಯಾವ ಕಾಲದಲ್ಲೋ ಯಾರೋ ತುಂಬಿಟ್ಟ ಮದ್ದುಗುಂಡು ಇನ್ನೂ ಒಳಗೇ ಕೂತಿದೆ ಎಂದರ್ಥ. ಡಾಕ್ಟರರು ಈ ನೇಮ ತಪ್ಪಿದವರೇ ಅಲ್ಲ. ಆದರೆ ಅವತ್ತು ಬಾಗಿಲಲ್ಲೇ ಹೆಡ್‌ಮಿಸ್ಸು ನಿಂತಿದ್ದರು. ಡಾಕ್ಟರರು ಗಡಿಬಿಡಿಯಲ್ಲಿ ಕೋಲನ್ನು ಛತ್ರಿಗಳ ನಡುವೆ ತುರುಕಿದರು.

"ಅಮ್ಮ ಬಂದಿದ್ದಾರೆ," ಅಂದರು ಹೆಡ್‌ಮಿಸ್ಸು.

ಅತ್ತೆಗೆ ಮಂಡಿಯ ಆಪರೇಷನ್ ಆಗಿತ್ತು. ಆಸ್ಪತ್ರೆಯವರು ನಾಲ್ಕು ಕಾಲಿನ ಅಲ್ಯೂಮಿನಿಯಂ ಚೌಕಟ್ಟು ಕೊಟ್ಟು ನಡೆಯಿರಿ ಅಂದಿದ್ದರು. ಅತ್ತೆ ಜಪ್ಪಯ್ಯ ಅಂದರೂ ಅದನ್ನು ಮುಟ್ಟಲಿಲ್ಲ. "ಅದರ ಜೊತೆ ನಿಂತ್ರೆ ಯಾರಾದ್ರೂ ಕುರ್ಚಿ ಅಂದ್ಕೊಂಡು ನನ್ನ ಮೇಲೆ ಕೂತಾರು" ಎಂದು ಮಂಚ ಹಿಡಿದಿದ್ದರು. ಮರುದಿನ ಬೆಳಿಗ್ಗೆ ಡಾಕ್ಟರರು ಮುಖ ತೊಳೆದು ಬಂದು ನೋಡುತ್ತಾರೆ, ಅತ್ತೆ ನಡುಮನೆಯಲ್ಲಿ ನಡೆಯುತ್ತಿದ್ದಾರೆ! ಕೈಯಲ್ಲಿ ಕರಿಯ ಕೋಲು. ಹೆಡ್‌ಮಿಸ್ಸಿನ ಕಣ್ಣಲ್ಲಿ ನೀರು.

"ಅಮ್ಮನಿಗೆ ಅಂತ ತಂದ್ರಾ? ನನಗೆ ಒಂದು ಮಾತೂ ಹೇಳ್ಲಿಲ್ವಲ್ರೀ!"

ಮದುವೆಯಾದ ಲಾಗಾಯ್ತು ಆ ದನಿಯಲ್ಲಿ ಅವರು ಗಂಡನೊಂದಿಗೆ ಮಾತಾಡಿದ್ದು ಅಪರೂಪ. ಡಾಕ್ಟರರು ಇದಕ್ಕೂ ಹೂಂ ಅಂದರು.

ಅಲ್ಲಿಂದ ಶುರುವಾಯಿತು ಪಾಡು. ಅತ್ತೆಗೆ ಕೋಲು ಊರುವುದಕ್ಕಿಂತ ಎತ್ತಿ ತೋರಿಸುವುದರಲ್ಲೇ ಖುಷಿ. ಫ್ಯಾನು ಹಾಕು ಎಂದರೆ ಕೋಲು ಫ್ಯಾನಿನ ಕಡೆ, ಅಳಿಯಂದ್ರೇ ಎಂದರೆ ಅಳಿಯನ ಕಡೆ. ಕೋಲು ಮೇಲೆದ್ದ ಕೂಡಲೇ ಡಾಕ್ಟರರು ಪಕ್ಕಕ್ಕೆ ಜಿಗಿಯುತ್ತಿದ್ದರು. ಮಾತಾಡುವುದಿದ್ದರೆ ಕಂಬದ ಮರೆಯಲ್ಲಿ ನಿಂತು ಮಾತಾಡುತ್ತಿದ್ದರು. ಒಳಗೆ ಗುಂಡಿದ್ದರೆ? ಬಾಯಿಬಿಟ್ಟರೆ ಬೀರು ಖಾಲಿ, ಬಿಡದಿದ್ದರೆ ಯಾರ ಜೀವವೋ ಏನೋ! ಅಂಥದೇ ಕರಿಯ ಕೋಲೊಂದನ್ನು ಕೊಂಡು ತಂದು ಬದಲಾಯಿಸಲು ನೋಡಿದರು. ಅತ್ತೆ ಕೈಗೆತ್ತಿಕೊಂಡವರೇ "ಇದಕ್ಕೆ ತೂಕಾನೇ ಇಲ್ಲ, ಥೂ" ಎಂದು ಎಸೆದರು. ರಾತ್ರಿ ಜಾರಿಸೋಣವೆಂದರೆ ಅವರು ಅದನ್ನು ಅಪ್ಪಿಕೊಂಡೇ ಮಲಗುತ್ತಿದ್ದರು. ಇದರ ನಡುವೆ ಕ್ಲಿನಿಕ್ಕಿಗೆಂದು ಮನೆಯಲ್ಲಿ ತಂದಿಟ್ಟ ಹತ್ತಿ ಬೇರೆ ಬೇಗ ಬೇಗ ಖಾಲಿಯಾಗುತ್ತಿತ್ತು. ಅದನ್ನು ವಿಚಾರಿಸುವಷ್ಟು ನೆಮ್ಮದಿ ಡಾಕ್ಟರರಿಗೆ ಎಲ್ಲಿಂದ ಬರಬೇಕು?

ನಡೆಯುವುದು ರೂಢಿಯಾದ ಮೇಲೆ ಅತ್ತೆ ಕ್ಲಿನಿಕ್ಕಿಗೂ ಬಂದರು. ರೋಗಿಗಳು ಕಾಯುವ ಬೆಂಚಿನ ತುದಿಯಲ್ಲಿ ಕೂತು, ಕೇಳುವವರಿಲ್ಲದಿದ್ದರೂ ಯಜಮಾನಿಕೆ ವಹಿಸಿಕೊಂಡರು. "ಏಯ್, ಕೆನ್ನೆ ಊದಿರೋನು, ನೀನು ಹೋಗು. ಮಫ್ಲರಿನವನು ಆಮೇಲೆ." ಕೋಲಿನ ತುದಿ ಒಂದು ದವಡೆಯಿಂದ ಇನ್ನೊಂದು ದವಡೆಗೆ ತಿರುಗುತ್ತಿತ್ತು. ಒಳಗೆ ಡಾಕ್ಟರರು ರೋಗಿಯ ಬಾಯಿ ಬಿಟ್ಟು ಗಾಜಿನ ಬಾಗಿಲಿನಾಚೆ ಆ ತುದಿಯನ್ನೇ ನೋಡುತ್ತಿದ್ದರು.

ಅವತ್ತು ಕುರ್ಚಿಯಲ್ಲಿ ದರ್ಜಿಯೊಬ್ಬ ಬಾಯಿ ತೆರೆದು ಮಲಗಿದ್ದ. ಬುತ್ತಿ ಹಿಡಿದು ಹೆಡ್‌ಮಿಸ್ಸು ಒಳಗೆ ಬಂದದ್ದು ಗಾಜಿನ ಬಾಗಿಲಿನಿಂದ ಕಾಣಿಸಿತು. ಅತ್ತೆ ಮಗಳ ಕಡೆಗೇ ಕೋಲು ಎತ್ತಿದರು.

"ಏ ಇವಳೇ, ಇದರ ಹಿಡಿ ಸಡಿಲಾಯ್ತು ನೋಡು. ಅಡೀಲಿ ಏನೋ ಕೊಂಡಿ ಹೊರಗೆ ಬಂದಿದೆ. ಒತ್ತಿದ್ರೆ ಒಳಗೆ ಹೋಗುತ್ತೇನೋ..."

"ಒತ್ತಬೇಡಿ! ಅದು ಕೋವಿ!"

ಡಾಕ್ಟರರು ಕೈಯಲ್ಲಿದ್ದ ಇಕ್ಕಳದ ಸಮೇತ ಹಾರಿ ಹೆಂಡತಿಗೆ ಅಡ್ಡವಾಗಿ ನಿಂತರು. ಬೆಂಚಿನವರೆಲ್ಲ ಹಲ್ಲುನೋವು ಮರೆತು ನೆಲಕ್ಕೆ ಬಿದ್ದರು. ಅತ್ತೆಯ ಬೆರಳು ಅಲ್ಲೇ ನಿಂತಿತು.

"ಕೋವಿ?" ಅಂದರು ಹೆಡ್‌ಮಿಸ್ಸು, ಬೆನ್ನ ಹಿಂದಿನಿಂದ.

ಡಾಕ್ಟರರು ತಿರುಗಲಿಲ್ಲ. ಹರಾಜು, ಛತ್ರಿ, ಕಡ್ಡಿ ಹಾಕದೆ ಬಿಟ್ಟದ್ದು, ಎಲ್ಲ ಒಪ್ಪಿಸಿಬಿಟ್ಟರು. ಆಮೇಲೆ ಕೋಲನ್ನು ಮೆಲ್ಲಗೆ ಬಿಡಿಸಿಕೊಂಡು, ಹಿತ್ತಾಳೆಯ ಟೊಪ್ಪಿ ತೆಗೆದು, ಉದ್ದದ ಕಡ್ಡಿ ಇಳಿಬಿಟ್ಟರು. ಕಡ್ಡಿ ಅರ್ಧಕ್ಕೇ ನಿಂತಿತು.

"ತುಂಬಿದೆ," ಅಂದರು. "ಎಲ್ಲರೂ ಆಚೆ ಹೋಗಿ."

ಅತ್ತೆ ಏನೋ ಹೇಳಬೇಕೆಂದು ಬಾಯಿ ತೆರೆದರು, ಮಗಳ ಮುಖ ನೋಡಿ ಮುಚ್ಚಿಕೊಂಡರು. ಹೆಡ್‌ಮಿಸ್ಸು ಕದಲಲಿಲ್ಲ. ಡಾಕ್ಟರರು ಕೊಕ್ಕೆ ಕಟ್ಟಿದ ತಂತಿ ಇಳಿಸಿ, ಬೇರು ಕೀಳುವಷ್ಟು ನಾಜೂಕಾಗಿ ಎಳೆದರು. ಮೊದಲು ಒಂದು ಉಂಡೆ ಹತ್ತಿ ಬಂತು. ಕ್ಲಿನಿಕ್ಕಿನದೇ ಹತ್ತಿ. ಅದರ ಹಿಂದೆಯೇ ಟ್ರೇಗೆ ಟಣಟಣ ಉದುರಿದವು ಗುಂಡುಗುಂಡಾದ ಬಿಳಿಯ ಪೆಪ್ಪರ್‌ಮಿಂಟುಗಳು.

ಎಲ್ಲರೂ ಅತ್ತೆಯನ್ನು ನೋಡಿದರು. ಸಕ್ಕರೆ ಕಾಯಿಲೆಯೆಂದು ಮಗಳು ಅವರಿಗೆ ಸಿಹಿ ಕಣ್ಣಿಗೂ ತೋರಿಸುತ್ತಿರಲಿಲ್ಲ.

"ಟೊಳ್ಳು ಅಂತ ಗೊತ್ತಾಯ್ತು. ಖಾಲಿ ಯಾಕಿರಬೇಕು ಅಂತ..." ಅತ್ತೆ ಸೆರಗು ಸರಿಮಾಡಿಕೊಂಡರು. "ಗಲಗಲ ಅನ್ನದಿರ್ಲಿ ಅಂತ ಹತ್ತಿ."

ಹೆಡ್‌ಮಿಸ್ಸು ಮೊದಲು ಗಂಡನ ಕಡೆ ತಿರುಗಿದರು. "ಒಳಗೆ ಗುಂಡಿದೆ ಅಂತ ಅಂದ್ಕೊಂಡೇ ನನಗೆ ಅಡ್ಡ ಬಂದ್ರಾ?"

"ಹೂಂ."

"ಬುದ್ಧಿ ಇದೆಯಾ ನಿಮಗೆ?" ಅಂದರು. ದನಿ ಯಾಕೋ ನಡುಗಿತು. ಮೂಗು ಒರೆಸಿಕೊಂಡು ಮತ್ತೆ ಹೆಡ್‌ಮಿಸ್ಸಾದರು. "ಆದ್ರೆ ಮಾತು ಅಂದ್ರೆ ಮಾತು. ಹಳೇ ಕಬ್ಬಿಣದವನಿಗೆ ಹೇಳಿ ಕಳಿಸ್ತೀನಿ. ಒಂದೂ ಬಿಡಲ್ಲ."

ಡಾಕ್ಟರರು ಖಾಲಿ ಕೋಲನ್ನು ಅತ್ತೆಯ ಕೈಗೆ ಕೊಟ್ಟರು.

"ಒಂದೂ ಬಿಡಲ್ಲ ಅಂದ್ರೆ ಇದೂ ಹೋಗುತ್ತೆ," ಅಂದರು ಅತ್ತೆ, ಕೋಲನ್ನು ಎದೆಗೊತ್ತಿಕೊಂಡು. "ಹೋಗ್ಲಿ ಬಿಡಮ್ಮ. ನಾನೂ ಮಂಚ ಹತ್ತಿ ಮಲಗ್ತೀನಿ. ಇನ್ನು ಇಳಿಯೋ ಮಾತಿಲ್ಲ."

ಹೆಡ್‌ಮಿಸ್ಸು ಅಮ್ಮನ ಮಂಡಿ ನೋಡಿದರು, ಗಂಡನ ಬೋಳುತಲೆ ನೋಡಿದರು. ಆಡಿದ ಮಾತು ಅರ್ಧಂಬರ್ಧ ನಡೆಸುವವರಲ್ಲ ಅವರು. ಎಲ್ಲ ಹೋಗಬೇಕು, ಇಲ್ಲವೇ ಎಲ್ಲ ಉಳಿಯಬೇಕು. ಕೊನೆಗೆ ತೀರ್ಪು ಬಂತು. ಎಲ್ಲ ಉಳಿಯಲಿ. ಆದರೆ ಪ್ರತಿದಿನ ಬೆಳಿಗ್ಗೆ ತಮ್ಮ ಕಣ್ಣೆದುರೇ ಡಾಕ್ಟರರು ಕೋಲಿಗೆ ಕಡ್ಡಿ ಹಾಕಿ ತೋರಿಸಬೇಕು. ಕಡ್ಡಿ ತಳ ಮುಟ್ಟದಿದ್ದರೆ ಇಬ್ಬರಿಗೂ ಕಾಫಿ ಇಲ್ಲ.

ಆಗ ಒಳಗಿನಿಂದ ದರ್ಜಿಯ ನರಳಾಟ ಕೇಳಿಸಿತು. ಮರಗಟ್ಟಿದ್ದು ಬಿಟ್ಟಿತ್ತು.

ಮರುದಿನದಿಂದಲೇ ಜಾರಿ. ಕಡ್ಡಿ ಸಲೀಸಾಗಿ ತಳ ಮುಟ್ಟಿತು, ಕಾಫಿ ಬಂತು, ಹೆಡ್‌ಮಿಸ್ಸು ಶಾಲೆಗೆ ಹೋದರು. ಡಾಕ್ಟರರು ಹಿಂದಿನ ಕೋಣೆಯಲ್ಲಿ ಬೀರುವಿನ ಗಾಜು ಒರೆಸುತ್ತಿದ್ದಾಗ ಕೋಲಿನ ಸದ್ದಾಯಿತು. ಇದುವರೆಗೆ ಆ ಕೋಣೆಯ ಕಡೆ ತಲೆಯೇ ಹಾಕದ ಅತ್ತೆ ಬಂದು, ಒಂದೊಂದು ಕೋವಿಯನ್ನೂ ಕನ್ನಡಕ ಏರಿಸಿ ಏರಿಸಿ ನೋಡಿದರು. ಬಾತುಕೋಳಿ ಪಿಸ್ತೂಲಿನ ಮುಂದೆ ಬಹಳ ಹೊತ್ತು ನಿಂತರು. ಅಂತೂ ಇಂತೂ ಮನೆಯಲ್ಲಿ ಒಬ್ಬರಿಗಾದರೂ ರುಚಿ ಹತ್ತಿತಲ್ಲ ಎಂದು ಡಾಕ್ಟರರ ಮನಸ್ಸು ಅರಳಿತು.

"ಅಳಿಯಂದ್ರೇ," ಅಂದರು ಅತ್ತೆ ಪಿಸುದನಿಯಲ್ಲಿ, "ಇದರ ಒಂದೊಂದು ನಳಿಗೇಲಿ ಎಷ್ಟೆಷ್ಟು ಹಿಡಿಯುತ್ತೆ?"