ಚನ್ನವ್ವನ ಮಗಳ ಧಾರಾವಾಹಿ

ಸಂಶಿಯ ಮಲಿಕಾಬಿ ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವಳು. ಐವತ್ತಾರನೆಯ ವಯಸ್ಸಿಗೆ ಟಿ.ವಿ. ಧಾರಾವಾಹಿಯೊಂದರಲ್ಲಿ ಅಡುಗೆಯವಳಾದ ಚನ್ನವ್ವನ ಪಾತ್ರ ಸಿಕ್ಕಿತು. ನಾಲ್ಕು ದಿನದ ಪಾತ್ರ ಎಂದಿದ್ದರು. ಅವಳ ಮಾತಿನ ಧಾಟಿ ಜನರಿಗೆ ಹಿಡಿಸಿ ಎರಡು ವರ್ಷ ನಡೆಯಿತು. ಅವಳಿಗೆ ಓದು ಬರುತ್ತಿರಲಿಲ್ಲ. ಶೂಟಿಂಗಿಗೆ ಹೊರಡುವ ಮುಂಚೆ, ಮೊಬೈಲಿಗೆ ಬಂದ ತನ್ನ ಪಾತ್ರದ ಮಾತುಗಳನ್ನು ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಅನ್ನಪೂರ್ಣಾಬಾಯಿ ಓದಿ ಹೇಳಿದರೆ, ಕೇಳಿಯೇ ಬಾಯಿಪಾಠ ಮಾಡುತ್ತಿದ್ದಳು.

ಈ ಬೇಸಿಗೆಯಲ್ಲಿ ಸಹಾಯಕ ನಿರ್ದೇಶಕ, ಹುಬ್ಬಳ್ಳಿಯ ಮಿಲಿಂದ ಹೇಳಿದ: "ಚಾಚೀ, ಚನ್ನವ್ವನ ಮನೀ ಕಥೀನ ಬ್ಯಾರೆ ಧಾರಾವಾಹಿ ಮಾಡ್ಲಿಕ್ಕತ್ತೇವ್ರಿ. ಅದಕಿಂತ ಮೊದಲ ಹಳೇದು ಹೊಸಾದು ಎರಡೂ ಧಾರಾವಾಹಿ ಕೂಡಿಸಿ ಒಂದ ವಾರ ಮಹಾಸಂಗಮ ಇರ್ತದ. ಕರೀತೇವಿ, ಊರಾಗ ಇರ್ರಿ."

ಅದೇ ವಾರ ನಾಟಕ ಕಂಪನಿಯ ಮಾಲೀಕ ಶಿದ್ಲಿಂಗಪ್ಪ ಹೊಸ ನಾಟಕದ ತಾಯಿಯ ಪಾತ್ರಕ್ಕೆ ಕೇಳಲು ಬಂದ.

"ಈ ಸಲ ಆಗೂದಿಲ್ರಿ ಮಾಲಕ್ರ. ನನ್ನ ಪಾತ್ರದ ಮ್ಯಾಲೇ ಧಾರಾವಾಹಿ ಬರಾಕತ್ತೈತಿ" ಎಂದಳು ಮಲಿಕಾಬಿ.

ಕರೆ ಬರಲಿಲ್ಲ. ಮಹಾಸಂಗಮದ ಮೊದಲ ಸಂಜೆ, ತನ್ನ ಭಾಗದ ಶೂಟಿಂಗ್ ಇನ್ನೂ ಮುಂದಿರಬೇಕು ಎಂದುಕೊಂಡೇ ಅನ್ನಪೂರ್ಣಾಬಾಯಿಯ ಮನೆಗೆ ಹೋದಳು. ಓಣಿಯ ಹೆಂಗಸರೆಲ್ಲ ಕೂಡಿದ್ದರು. ಎರಡು ಧಾರಾವಾಹಿಗಳ ಮನೆತನಗಳು ಒಂದೇ ಮದುವೆಯಲ್ಲಿ ಸೇರಿದ್ದವು. ನಡುವೆ ಫೋನ್ ಬಂತು. ನಾಯಕಿ ಕುಸಿದು ಕುಳಿತಳು.

"ಚನ್ನವ್ವ ಹೋಗಿಬಿಟ್ಟಳು!"

ಮರುಕ್ಷಣ ಮಲಿಕಾಬಿಯದೇ ಫೋಟೊ, ಅದಕ್ಕೆ ಗಂಧದ ಹಾರ. ಮುಂದೆ ಅಳುತ್ತ ಕೂತ ಚೆಲುವೆ ಚನ್ನವ್ವನ ಮಗಳಂತೆ. ಹೊಸ ಧಾರಾವಾಹಿ ಅವಳದು. ಚನ್ನವ್ವನಿಗೊಬ್ಬ ಮಗಳಿದ್ದಾಳೆಂದು ಮಲಿಕಾಬಿಗೇ ಗೊತ್ತಿರಲಿಲ್ಲ.

 

ಮಲಿಕಾಬಿ ಹೊರಗೆ ಬಂದು ಮಿಲಿಂದನಿಗೆ ಫೋನ್ ಮಾಡಿದಳು.

"ಏನ್ ಮಾಡೂದ್ರಿ ಚಾಚೀ, ಚಾನೆಲ್‌ದವರು ಕಡೀಕ ಬದಲಿ ಮಾಡಿದ್ರು. ತಾಯಿ ಸತ್ತರನ ಮಗಳ ಕಥಿ ಶುರು ಆಗ್ತದಂತ."

"ಒಂದ ಮಾತ ಹೇಳಬಾರದಿತ್ತೇನಪಾ? ಸಾಯೂ ಸೀನಾದ್ರೂ ನನ್ನ ಕಡಿಂದ ಮಾಡಸಬೇಕಿತ್ತು. ಚೊಲೊ ಮಾಡ್ತಿದ್ದೆ."

ಮಿಲಿಂದ ಫೋನ್ ಇಟ್ಟುಬಿಟ್ಟ.

ಮರುದಿನ ಬಸ್ಸು ಹತ್ತಿ ಯರಗುಪ್ಪಿಗೆ ಹೋದಳು. ಕಂಪನಿಯ ಡೇರೆ ಅಲ್ಲಿತ್ತು. ಶಿದ್ಲಿಂಗಪ್ಪ ಚಹಾ ತರಿಸಿದ. ತಾಯಿಯ ಪಾತ್ರಕ್ಕೆ ಗದಗಿನಿಂದ ಒಬ್ಬಾಕೆ ಬಂದಾಗಿತ್ತು.

"ಸಣ್ಣ ಪಾತ್ರ ಇದ್ದರೂ ನಡೀತೈತ್ರಿ. ಬಾಗಲಾ ತೆಗಿಯಾಕಿ ಇದ್ದರೂ ಅಡ್ಡಿ ಇಲ್ಲ" ಎಂದಳು ಮಲಿಕಾಬಿ.

"ಮಲಿಕಾಬಿ, ಮಂದಿ ನಿನ್ನೆ ನಿನ್ನ ಫೋಟೊಕ್ಕ ಹಾರ ಹಾಕಿದ್ದು ನೋಡ್ಯಾರ. ಇವತ್ತ ನೀ ಸ್ಟೇಜಿಗೆ ಬಂದ್ರ ಅಳೂ ಜಾಗಾದಾಗ ನಗತಾರ. ಸ್ವಲ್ಪ ದಿನಾ ಹೋಗ್ಲಿ."

ದಿನ ಹೋದವು, ಮಳೆಗಾಲವೂ ಮುಗಿಯಿತು. ಅವನೂ ಕರೆಯಲಿಲ್ಲ, ಮಿಲಿಂದ ಫೋನ್ ಎತ್ತುವುದನ್ನೇ ಬಿಟ್ಟ. ಮಗಳ ಧಾರಾವಾಹಿ ಮಾತ್ರ ದಿನ ತಪ್ಪದೆ ಬರುತ್ತಿತ್ತು. ಒಂದು ಸಂಜೆ ಆ ಮಗಳು, ತನ್ನವ್ವ ಕೆಲಸದ ಮನೆಯಲ್ಲಿ ಕಳವು ಮಾಡಿ ತನ್ನನ್ನು ಸಾಕಿದಳೆಂದು ಅಳುತ್ತ ಹೇಳಿದಳು. ಅನ್ನಪೂರ್ಣಾಬಾಯಿ ತಡೆಯಲಾರದೆ ರಿಮೋಟ್ ಎತ್ತಿದರು.

"ಬಂದ್ ಮಾಡ್ತೇನಿ ತಡಿ."

"ಬ್ಯಾಡ್ರಿ ಅಕ್ಕೋರ. ನಾ ಇನ್ನೂ ಏನೇನ ಮಾಡೇನಿ ಅಂತಾರೋ, ಕೇಳೂಣು."

ಅನ್ನಪೂರ್ಣಾಬಾಯಿ ರಿಮೋಟ್ ಕೆಳಗಿಟ್ಟರು. ಜಾಹೀರಾತು ಬಂತು. ಮಲಿಕಾಬಿ ಅದನ್ನೂ ಕಣ್ಣು ಕೀಳದೆ ನೋಡುತ್ತ ಕೂತಳು.