ನೆಲದ ದೇವರ ಧೂಪ

ಫುಂಗ್ ಅಜ್ಜಿಯ ಮನೆಯ ಹಳೆಯ ಏಸಿ ಇಳಿಸಿ, ಹೊಸ ಗ್ಯಾಸಿನದನ್ನು ಗೋಡೆಗೆ ಕೂರಿಸಿದ್ದಾಗಿತ್ತು. ಪೈಪಿನೊಳಗಿನ ಗಾಳಿಯನ್ನು ಮಾಕ್ ಮೇಸ್ತ್ರಿ ಪಂಪು ಹಾಕಿ ಎಳೆಯಬೇಕಿತ್ತು. ಆದರೆ ಶುಂಡೆ ಊರಿನ ಮೇಸ್ತ್ರಿಗಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ನಟ್ಟು ಸಡಿಲಿಸಿ, ಗ್ಯಾಸನ್ನೇ ಬುಸ್ಸೆಂದು ಬಿಟ್ಟು ಗಾಳಿಯನ್ನು ಹೊರದಬ್ಬುವುದು ಅವರಿಗೆ ಅಂಟಿದ ಚಾಳಿ. ಮಾಕ್‌ನ ಕೈಯೂ ತನ್ನ ಪಾಡಿಗೆ ಅದನ್ನೇ ಮಾಡಿತು.

ಹಳೆಯ ಗ್ಯಾಸಾಗಿದ್ದರೆ ಕೇಡು ಆಕಾಶಕ್ಕೆ, ಮನೆಗೇನಿಲ್ಲ. ಹೊಸದು ಭೂಮಿಯನ್ನು ಅಷ್ಟು ಕಾಯಿಸುವುದಿಲ್ಲ, ನಿಜ. ಆದರೆ ಅದು ಒಲೆಯ ಗ್ಯಾಸಿನ ಒಡಹುಟ್ಟು, ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ವಾಸನೆಯಿಲ್ಲ, ಗಾಳಿಗಿಂತ ಭಾರ, ನೆಲಕ್ಕಿಳಿದು ಕೂರುತ್ತದೆ. ಸೋರಿಕೆ ನೋಡುವ ಯಂತ್ರ ಅವನ ಪಾದದ ಹತ್ತಿರ ಒಂದೇ ಸಮನೆ ಚೀರತೊಡಗಿತು. ತಿರುಗಿ ನೋಡಿದರೆ, ಬಾಗಿಲ ಬುಡದಲ್ಲಿ ಕೂತು ಮನೆ ಕಾಯುವ ನೆಲದ ದೇವರ ಮುಂದೆ ಫುಂಗ್ ಅಜ್ಜಿ ಧೂಪದ ಕಡ್ಡಿ, ಲೈಟರ್ ಹಿಡಿದು ಬಗ್ಗಿದ್ದಳು.

"ಅಜ್ಜೀ, ಹಚ್ಚಬೇಡಿ! ಗ್ಯಾಸು ಸೋರಿದೆ!"

"ನನ್ನ ಮೂಗಿಗೇನೂ ಬಡೀತಿಲ್ಲವಲ್ಲ! ಮುದುಕಿ ಅಂತ ಆಟ ಆಡಿಸ್ತೀಯಾ? ನನ್ನ ಮಗ ಲಾರಿ ಹತ್ತೋ ಹೊತ್ತು ಕಣಯ್ಯಾ. ಧೂಪ ಹಚ್ಚದೆ ಅವನನ್ನ ಒಂದು ದಿನಾನೂ ಕಳಿಸಿಲ್ಲ."

ಅವಳ ಹೆಬ್ಬೆರಳು ಲೈಟರಿನ ಚಕ್ರದ ಮೇಲಿತ್ತು. ಕೈ ಹಿಡಿದೆಳೆದರೆ ಕಿಡಿ ಹಾರೀತು. ಓಡಿಬಿಡೋಣವೆಂದರೆ ಬಾಗಿಲು ಅವಳ ಪಕ್ಕದಲ್ಲೇ, ದಾಟುವಷ್ಟರಲ್ಲಿ ಹಚ್ಚಿಬಿಟ್ಟಾಳು. ಕಡ್ಡಿ ಸಿಕ್ಕಿಸುವ ಬಟ್ಟಲೇ ಇಲ್ಲದಿದ್ದರೆ ಹಚ್ಚುವುದೆಲ್ಲಿ? ಪ್ರಾಣಭಯದಲ್ಲಿ ಅವನು ಯಾರೂ ಮಾಡಬಾರದ್ದನ್ನು ಮಾಡಿದ. ದೇವರ ಪೀಠವೇ ಆದ, ಅವನನ್ನು ಕೇಳದೆ ಬೆರಳೂ ಸೋಕಿಸಬಾರದ ಧೂಪದ ಬಟ್ಟಲನ್ನು ಬಾಚಿಕೊಂಡು ಬೀದಿಗೆ ಓಡಿದ.

"ಅಯ್ಯೋ ಪಾಪೀ, ದೇವರನ್ನೇ ಎಬ್ಬಿಸ್ಕೊಂಡು ಹೋದ್ಯಲ್ಲೋ!" ಅಜ್ಜಿ ಕಡ್ಡಿ, ಲೈಟರ್ ಹಿಡಿದೇ ಅಟ್ಟಿಸಿಕೊಂಡು ಬಂದಳು. ಮನೆ ಸಾಕಷ್ಟು ಹಿಂದಾದ ಮೇಲೆ ಅವನು ಕಾಲುವೆಯ ಕಟ್ಟೆಯ ಮೇಲೆ ಬಟ್ಟಲಿಟ್ಟ. ಬೂದಿ ಅರ್ಧ ಅವನ ಅಂಗಿಯ ಮೇಲೆ ಚೆಲ್ಲಿತ್ತು.

"ನನ್ನ ಮಗನಿಗೆ ದಾರೀಲಿ ಏನಾದ್ರೂ ಆದ್ರೆ?" ಅವಳ ದನಿ ನಡುಗುತ್ತಿತ್ತು. ಅವಳಿಗೂ ತನ್ನಷ್ಟೇ ಭಯವೆಂದು ಮಾಕ್‌ಗೆ ಆಗ ತಿಳಿಯಿತು.

"ತಪ್ಪು ನಂದು ಅಜ್ಜಿ. ನಟ್ಟು ಬಿಚ್ಚಿ ಗ್ಯಾಸು ಬಿಟ್ಟವನೂ ನಾನೇ."

"ಹಂಗಾದ್ರೆ ನಿನ್ನ ಹೆಸರು, ಮನೆ ವಿಳಾಸ ಹೇಳು. ದೇವರಿಗೆ ಒಪ್ಪಿಸ್ತೀನಿ. ಅವನ ಸಿಟ್ಟು ದಾರಿ ತಪ್ಪಿ ನನ್ನ ಮಗನ ಹತ್ರ ಹೋಗಬಾರದು."

ಸುಳ್ಳು ಹೆಸರೊಂದು ಮಾಕ್‌ನ ನಾಲಿಗೆ ತುದಿಗೆ ಬಂತು. ನುಂಗಿಕೊಂಡ. "ಮಾಕ್ ಯಿಯು-ಕ್ವಾನ್. ವಿಳಾಸ ಮಾತ್ರ ಬೇಡ ಅಜ್ಜಿ, ಕೈ ಮುಗೀತೀನಿ. ಆ ಮನೇಲಿ ಮಗಳಿದ್ದಾಳೆ."

ಅಜ್ಜಿ ಅವನನ್ನೇ ದಿಟ್ಟಿಸಿದಳು. ಆಮೇಲೆ ಧೂಪ ಹಚ್ಚಿ, ಕಣ್ಣು ಮುಚ್ಚಿ, ಮಗನ ಹೆಸರು ಹೇಳಿದಳು. ಅದರ ಹಿಂದೆಯೇ, "ಈ ದಡ್ಡನ ಮಗಳನ್ನೂ ಕಾಯಪ್ಪಾ," ಅಂದಳು.